ತಿಳಿದವರೂ ಮಾಡದಿರುವುದೇಕೆ?

ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಪರರ ಮೇಲೆಯೇ ಪ್ರಯೋಗಿಸುತ್ತೇವೆ. ಆದರೆ ಆರೋಗ್ಯದ ವಿಚಾರಕ್ಕೆ ಬಂದಾಗ ಈ ಗಾದೆ ಹೊಂದದ ಮನೆ ಯಾವುದೂ ಇರಲಾರದು. ಹೊಗೆಸೊಪ್ಪು ಕೆಟ್ಟದ್ದೆಂದು ತಿಳಿಯದೆ ಅದನ್ನು ಎಲೆಯಡಿಕೆಯೊಡನೆ ಮೆಲ್ಲುವವರು ಇಂದು ವಿರಳ. ಸಕ್ಕರೆಯ ಕಾಯಿಲೆಯುಳ್ಳ ಹಿರಿಯರು ತಮಗೆ ವೈದ್ಯರು ಹೇಳಿದ ಪಥ್ಯವನ್ನು ಮಕ್ಕಳಿಗೆ ತಪ್ಪಿಲ್ಲದೆ ಒಪ್ಪಿಸಬಲ್ಲರು. ಹಬ್ಬದ ದಿನ ಹೋಳಿಗೆಯ ತಟ್ಟೆಗೆ ಕೈ ನೀಡುವವರೂ ಅವರೇ. ಹೀಗಿರಲು, ತಿಳಿವಳಿಕೆಯೊಂದೇ ನಡತೆಯನ್ನು ತಿದ್ದುವುದೆಂಬ ನಂಬಿಕೆಯನ್ನು ನಾವು ಸ್ವಲ್ಪ ಪರೀಕ್ಷಿಸಿ ನೋಡಬೇಕಾಗಿದೆ.

ಈ ಪರೀಕ್ಷೆಯನ್ನೇ ಕೆಲಸವಾಗಿ ಉಳ್ಳ ಒಂದು ವಿದ್ಯೆ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದಿದೆ. ಜನರು ತಮ್ಮ ಆರೋಗ್ಯಕ್ಕೆ ಸಂಬಂಧಿಸಿದ ನಡತೆಯನ್ನು ಏಕೆ ಬದಲಿಸುತ್ತಾರೆ, ಏಕೆ ಬದಲಿಸುವುದಿಲ್ಲ, ಬದಲಿಸಿದವರು ಏಕೆ ಮತ್ತೆ ಹಳೆಯ ದಾರಿಗೆ ತಿರುಗುತ್ತಾರೆ ಎಂಬುದನ್ನು ಅದು ವಿಚಾರಿಸುತ್ತದೆ. ಮನಶ್ಶಾಸ್ತ್ರದ ಈ ಶಾಖೆಯನ್ನು ಓದಬೇಕೆಂದು ಮಗಳೋ ಮಗನೋ ಹೇಳಿದಾಗ ಅನೇಕ ತಂದೆತಾಯಿಗಳು, ಇದರಿಂದ ಏನು ಪ್ರಯೋಜನ, ಬುದ್ಧಿ ಹೇಳುವುದಕ್ಕೂ ಒಂದು ಪದವಿ ಬೇಕೆ, ಎಂದು ಕೇಳುವುದುಂಟು. ಪ್ರಶ್ನೆ ಅನುಚಿತವಾದುದಲ್ಲ. ಅದಕ್ಕೆ ಉತ್ತರವನ್ನು ದೂರದ ದೇಶಗಳಲ್ಲಿ ಮಾತ್ರವಲ್ಲದೆ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೀರಿನ ಬಿಂದಿಗೆಯಲ್ಲಿಯೂ ಹುಡುಕಬಹುದು.

ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ನೋಡೋಣ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಕ್ಷಯರೋಗವನ್ನು ಮೊದಲೇ ಕಂಡುಹಿಡಿಯಲೆಂದು ಎಕ್ಸ್‌ರೇ ಯಂತ್ರಗಳನ್ನು ವಾಹನಗಳಲ್ಲಿಟ್ಟು ಜನರಿದ್ದಲ್ಲಿಗೇ ಕೊಂಡೊಯ್ದರು. ಹಣ ಕೊಡಬೇಕಾಗಿರಲಿಲ್ಲ, ದೂರ ನಡೆಯಬೇಕಾಗಿರಲಿಲ್ಲ. ಆದರೂ ನಿರೀಕ್ಷಿಸಿದಷ್ಟು ಜನರು ಬರಲಿಲ್ಲ. ಏಕೆಂದು ವಿಚಾರಿಸಿದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಮನುಷ್ಯನು ಮನಸ್ಸಿನಲ್ಲಿಯೇ ನಾಲ್ಕು ಲೆಕ್ಕಗಳನ್ನು ಹಾಕುತ್ತಾನೆಂದು ಕಂಡರು. ಈ ರೋಗ ನನಗೂ ಬರಬಹುದೆ? ಬಂದರೆ ಅದು ದೊಡ್ಡದೆ? ಇವರು ಹೇಳಿದಂತೆ ಮಾಡಿದರೆ ನನಗೆ ಲಾಭವುಂಟೆ? ಮಾಡಲು ನನಗಾಗುವ ತೊಂದರೆಯೆಷ್ಟು? ರೋಗದ ಹೆಸರನ್ನು ಬಲ್ಲವನೂ ಮೊದಲನೆಯ ಪ್ರಶ್ನೆಗೆ ಇಲ್ಲವೆಂದುಕೊಂಡರೆ ಮನೆಯಿಂದ ಹೊರಡುವುದಿಲ್ಲ.

ಇದು ಒಂದು ಕಥೆಯಾಯಿತು. ಇದರ ಪಕ್ಕದಲ್ಲಿಯೇ ಇಡಬೇಕಾದ ಇನ್ನೊಂದು ಕಥೆ ನಮ್ಮ ಸೀಮೆಯದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ವಿಚಾರಿಸಿ, ತಮ್ಮ ವರದಿಯನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ಆಸ್ಪತ್ರೆಗೆ ಬರುವಂತೆ ಮಾಡುವುದೇ ಕಷ್ಟ ಎಂಬುದು ಪಟ್ಟಣದ ವಿದ್ಯಾವಂತರ ಊಹೆಯಾಗಿತ್ತು. ವಿಚಾರಿಸಿದಾಗ ಕಂಡದ್ದು ಬೇರೆ. ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬುದು ತಿಳಿದಿತ್ತು; ಬಹುಮಂದಿ ಅದಕ್ಕಾಗಿ ಚಿಂತಿಸುತ್ತಿದ್ದರು; ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಸರಕಾರದ ವೈದ್ಯಶಾಲೆಯ ಮೆಟ್ಟಿಲನ್ನು ಹತ್ತಿ ಬಂದಿದ್ದರು. ಅಲ್ಲಿ ಅವರ ಕೆಮ್ಮಿಗೆ ದೊರೆತದ್ದು ಸಾಮಾನ್ಯವಾದ ಕೆಮ್ಮಿನ ಔಷಧ. ಹೀಗೆ ಬಂದ ರೋಗಿಯನ್ನು ಬಂದಲ್ಲಿಯೇ ಗುರುತಿಸಬೇಕೆಂಬ ತತ್ತ್ವವು, ಆ ಕಾಲದಲ್ಲಿ ರೂಪುಗೊಳ್ಳುತ್ತಿದ್ದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಆಧಾರವಾಯಿತು.

ಎರಡು ಕಥೆಗಳನ್ನೂ ಜೊತೆಯಲ್ಲಿಟ್ಟು ನೋಡಿದ ವಿದ್ಯಾರ್ಥಿಯು ಒಂದು ಮುಖ್ಯವಾದ ಪಾಠವನ್ನು ಕಲಿಯುತ್ತಾನೆ. ಜನರು ಹೇಳಿದಂತೆ ಮಾಡದಿದ್ದಾಗ ಕಾರಣ ಅವರ ಮನಸ್ಸಿನಲ್ಲಿರಬಹುದು, ಅಥವಾ ಅವರು ಹೋಗಿ ತಟ್ಟಿದ ಬಾಗಿಲಿನ ಒಳಗೆ ಇರಬಹುದು. ಯಾವುದೆಂಬುದನ್ನು ಕೇಳಿ ತಿಳಿಯಬೇಕೇ ಹೊರತು ಊಹಿಸಬಾರದು.

ಇನ್ನು ನಮ್ಮ ನೀರಿನ ವಿಚಾರ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆಗಳನ್ನು ಕಟ್ಟಿ ಬಾಳಿದರು. ಕೆರೆಗಳು ಬತ್ತಿ, ತೆರೆದ ಬಾವಿಗಳು ಒಣಗಿ, ಜನರು ಕೊಳವೆಬಾವಿಗಳನ್ನು ನಂಬಿದರು. ಅವು ಕೆಲವೆಡೆ ಸಾವಿರ ಅಡಿಗಳನ್ನು ಮೀರಿ ಇಳಿದಿವೆ. ಗಟ್ಟಿಯಾದ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಣ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಫ್ಲೋರೈಡು ಅಲ್ಪವಾಗಿದ್ದರೆ ಹಲ್ಲಿಗೆ ಹಿತವೇ. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ದೊರೆಯದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕೆ ಮೀರಿದರೆ, ಹಲ್ಲು ಒಳಗೆ ರೂಪುಗೊಳ್ಳುತ್ತಿರುವ ವಯಸ್ಸಿನ, ಎಂದರೆ ಸುಮಾರು 8 ವರ್ಷದೊಳಗಿನ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಮಚ್ಚೆ, ಮುಂದೆ ಹಳದಿ ಇಲ್ಲವೆ ಕಂದು ಪಟ್ಟೆ ಕಾಣುತ್ತದೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ಅನೇಕ ವರ್ಷ ಸೇವಿಸಿದವರಿಗೆ ಕೀಲುನೋವು, ಬೆನ್ನಿನ ಬಿಗಿತ ತಲೆದೋರುತ್ತವೆ. ಹಲ್ಲಿನ ಮೇಲೆ ಒಮ್ಮೆ ಮೂಡಿದ ಕಲೆಯು ಮುಂದೆ ನೀರನ್ನು ಬದಲಿಸಿದುದರಿಂದ ಹೋಗುವುದಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ಈ ಸೀಮೆಯಲ್ಲಿ ಕಾಣದವರಾರು?

ಊರೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಸ್ಥಾಪಿತವಾಗಿವೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಫ್ಲೋರೈಡು ಕೆಟ್ಟದ್ದೆಂಬ ಮಾತನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೂ ಎಷ್ಟೋ ಮನೆಗಳಲ್ಲಿ ಘಟಕದ ನೀರು ಲೋಟಕ್ಕೆ ಮಾತ್ರ ಬರುತ್ತದೆ. ಅನ್ನಕ್ಕೆ, ಮುದ್ದೆಗೆ, ಸಾರಿಗೆ, ಚಹಾಕ್ಕೆ ಕೊಳವೆಬಾವಿಯ ನೀರೇ. ಕಾಯಿಸಿದರೆ ದೋಷ ಹೋಗುವುದೆಂಬ ನಂಬಿಕೆ ಕೆಲವರದು. ಕುದಿಸುವುದರಿಂದ ರೋಗಾಣುಗಳು ಸಾಯುವುವೇ ಹೊರತು ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದು ಉಳಿದ ನೀರಿನಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಲೀಟರಿಗೆ 3 ಮಿಲಿಗ್ರಾಂ ಇರುವ ನೀರಿನಲ್ಲಿ ಅನ್ನ ಬೇಯಿಸಿ, ಆ ನೀರು ಅನ್ನದಲ್ಲಿಯೇ ಇಂಗಿದರೆ, ಪ್ರತಿ ಲೀಟರಿನ 3 ಮಿಲಿಗ್ರಾಮೂ ಉಣ್ಣುವವರ ಹೊಟ್ಟೆಯನ್ನೇ ಸೇರಿತು.

ಇಂಥ ಮನೆಯನ್ನು ಕಂಡ ಕೂಡಲೆ, ಅಜ್ಞಾನ, ಸೋಮಾರಿತನ, ಎಂದು ತೀರ್ಪು ಕೊಡುವುದು ಸುಲಭ. ನಾವು ಹೇಳಿದ ವಿದ್ಯೆಯನ್ನು ಓದಿದವರು ತೀರ್ಪಿಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸೂಸನ್ ಮಿಚಿ ಎಂಬ ವಿದುಷಿಯೂ ಅವರ ಸಂಗಡಿಗರೂ 2011ರಲ್ಲಿ ಈ ಪ್ರಶ್ನೆಗಳನ್ನು ಒಂದು ಚೌಕಟ್ಟಿನಲ್ಲಿ ಇಟ್ಟರು. ಯಾವ ನಡತೆಗಾದರೂ ಸಾಮರ್ಥ್ಯ ಬೇಕು, ಅವಕಾಶ ಬೇಕು, ಪ್ರೇರಣೆ ಬೇಕು. ಮೂರರಲ್ಲಿ ಒಂದು ತಪ್ಪಿದರೂ ನಡತೆ ನಿಲ್ಲದು.

ಅವಕಾಶದ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ. ನೀರಿನ ಗುಣ ಕೆಟ್ಟ ಊರುಗಳಲ್ಲಿ ಕುಡಿಯಲು ಮತ್ತು ಅಡಿಗೆಗೆ ತಲೆಗೆ ದಿನಕ್ಕೆ 8ರಿಂದ 10 ಲೀಟರು ಶುದ್ಧ ನೀರು ಬೇಕೆಂದು ಜಲ ಜೀವನ್ ಯೋಜನೆಯ ಮಾರ್ಗಸೂಚಿಗಳು ಎಣಿಸಿವೆ. ಐವರ ಮನೆಗೆ ಇದು 40ರಿಂದ 50 ಲೀಟರು, ಎಂದರೆ ಎರಡು ಕ್ಯಾನಿಗೂ ಮಿಕ್ಕಿದ ನೀರು. ಮನೆಗೆ ಬರುತ್ತಿರುವುದು ಒಂದೇ ಕ್ಯಾನು. ತುಂಬಿದ ಕ್ಯಾನಿನ ತೂಕ 20 ಕಿಲೋಗ್ರಾಂ. ಯಜಮಾನರು ಬೆಳಿಗ್ಗೆಯೇ ಹಾಲನ್ನು ಡೈರಿಗೆ ಹಾಕಿ, ರೇಷ್ಮೆಹುಳುವಿಗೆ ಸೊಪ್ಪು ತರಲೋ ಮಾವಿನ ತೋಟಕ್ಕೋ ಇಟ್ಟಿಗೆಯ ಗೂಡಿನ ಕೆಲಸಕ್ಕೋ ಹೋದ ಮೇಲೆ, ಅದನ್ನು ಹೊತ್ತು ತರುವವರಾರು? ಸೊಸೆಯೊಬ್ಬಳೇ, ಸೊಂಟದಲ್ಲಿ ಮಗುವಿದ್ದಾಗ, ಎರಡನೆಯ ಸಲ ಘಟಕಕ್ಕೆ ನಡೆದಾಳೆಂದು ನಿರೀಕ್ಷಿಸಬಹುದೆ? ಹೀಗೆ ಲೆಕ್ಕ ಹಾಕಿದಾಗ, ಅಜ್ಞಾನವೆಂದು ನಾವು ಬಗೆದದ್ದು ನೀರನ್ನು ತರುವ ಕೈಗಳ ಕೊರತೆಯಾಗಿ ಕಾಣುತ್ತದೆ. ಆ ಮನೆಗೆ ಇನ್ನೊಂದು ಉಪನ್ಯಾಸ ಬೇಕಾಗಿಲ್ಲ. ಸೈಕಲ್ಲಿನ ಮೇಲೆ ಎರಡನೆಯ ಕ್ಯಾನನ್ನು ತರುವ ಗಂಡಾಳು ಬೇಕು.

ಸಾಮರ್ಥ್ಯವೆಂದರೆ ಮೈಯ ಬಲ ಮಾತ್ರವಲ್ಲ, ಯಾವ ನೀರನ್ನು ಯಾವುದಕ್ಕೆ ಬಳಸಬೇಕೆಂಬ ಅರಿವೂ ಹೌದು. ಅಕ್ಕಿ ಬೇಳೆ ತೊಳೆಯಲು, ಪಾತ್ರೆ ಬೆಳಗಲು ಕೊಳವೆಬಾವಿಯ ನೀರು ಸಾಕು. ಬೇಯಿಸುವ ನೀರು, ಮುದ್ದೆಯ ಎಸರು, ಮಗುವಿನ ಹಾಲಿಗೆ ಬೆರೆಸುವ ನೀರು ಶುದ್ಧವಾಗಿರಬೇಕು. ಇಷ್ಟನ್ನು ಬಲ್ಲ ಗೃಹಿಣಿಯು ಅದೇ ಕ್ಯಾನಿನಿಂದ ಹೆಚ್ಚು ರಕ್ಷಣೆಯನ್ನು ಪಡೆಯುತ್ತಾಳೆ.

ಪ್ರೇರಣೆಯ ವಿಚಾರದಲ್ಲಿ ನಮ್ಮ ಮನೆಗಳು ಬಳಸುವ ಒಂದೇ ಅಸ್ತ್ರ ಹೆದರಿಕೆ. ಕುಡಿದರೆ ಬೆನ್ನು ಬಾಗೀತು, ಹಲ್ಲು ಹಾಳಾದರೆ ಯಾರು ಮದುವೆಯಾದಾರು, ಎಂದು ಮಕ್ಕಳನ್ನು ಗದರಿಸುವುದುಂಟು. ಇದರ ಫಲವೆಷ್ಟೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ಹವರ್ಡ್ ಲೆವೆಂಥಲ್ ಮತ್ತು ಸಂಗಡಿಗರು ಅಳೆದು ನೋಡಿದರು. ಧನುರ್ವಾಯುವಿನ ವಿಚಾರವಾಗಿ ಕೆಲವು ವಿದ್ಯಾರ್ಥಿಗಳಿಗೆ ಬಹಳ ಭಯ ಹುಟ್ಟಿಸುವ, ಕೆಲವರಿಗೆ ಕಡಿಮೆ ಭಯದ ಲೇಖನವನ್ನು ಓದಿಸಿ, ಚುಚ್ಚುಮದ್ದು ಹಾಕಿಸಿಕೊಳ್ಳಿರೆಂದು ಹೇಳಿದರು. ಹೆಚ್ಚು ಹೆದರಿದವರು, ಹಾಕಿಸಿಕೊಳ್ಳುತ್ತೇವೆಂದು ಹೆಚ್ಚಾಗಿ ಹೇಳಿದರೇನೋ ನಿಜ. ಹೋಗಿ ಹಾಕಿಸಿಕೊಂಡವರ ಎಣಿಕೆಯಲ್ಲಿ ಹೇಳಿಕೊಳ್ಳುವಷ್ಟು ಭೇದ ಕಾಣಲಿಲ್ಲ. ಭೇದವನ್ನು ಮಾಡಿದ್ದು ಇನ್ನೊಂದು ಅಲ್ಪ ಸಂಗತಿ. ಕೆಲವರಿಗೆ ವೈದ್ಯಶಾಲೆಯ ದಾರಿಯ ನಕ್ಷೆಯನ್ನು ಕೊಟ್ಟು, ವಾರದಲ್ಲಿ ಯಾವ ಹೊತ್ತಿನಲ್ಲಿ ಆ ಕಡೆ ಹೋಗಬಹುದೆಂದು ಆಲೋಚಿಸಿರಿ ಎಂದಿದ್ದರು. ಅವರಲ್ಲಿ ನೂರಕ್ಕೆ ಸುಮಾರು 28 ಮಂದಿ ಹೋದರು. ನಕ್ಷೆಯೂ ಆಲೋಚನೆಯೂ ಇಲ್ಲದವರಲ್ಲಿ ನೂರಕ್ಕೆ ಸುಮಾರು 3 ಮಂದಿ ಮಾತ್ರ.

ಆದಕಾರಣ, ಇನ್ನು ಮೇಲೆ ಒಳ್ಳೆಯ ನೀರು ಬಳಸೋಣ, ಎಂಬ ಸಂಕಲ್ಪ ಸಾಲದು. ಸಂಜೆ ಡೈರಿಗೆ ಹಾಲು ಹಾಕಿ ಹಿಂದಿರುಗುವಾಗ, ಇಂಥವರು, ಎರಡು ಕ್ಯಾನು ತುಂಬಿ ತರತಕ್ಕದ್ದು, ಎಂದು ಹೊತ್ತನ್ನೂ ಆಳನ್ನೂ ಗೊತ್ತುಮಾಡಬೇಕು. ಆಗಲೇ ನಡೆಯುತ್ತಿರುವ ಕೆಲಸದ ಬಾಲಕ್ಕೆ ಹೊಸ ಕೆಲಸವನ್ನು ಕಟ್ಟಿದರೆ ಅದು ಮರೆತುಹೋಗುವುದು ಕಡಿಮೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬವರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಸ ಕೆಲಸವೊಂದು ಯೋಚಿಸದೆಯೇ ನಡೆಯುವ ರೂಢಿಯಾಗಲು ಸಾಮಾನ್ಯವಾಗಿ 66 ದಿನಗಳು ಹಿಡಿದುವು. ಆದರೆ ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಬಂದಿತು. ನಡುವೆ ಒಂದು ದಿನ ತಪ್ಪಿದುದರಿಂದ ರೂಢಿ ಕೆಡಲಿಲ್ಲ. ಹಬ್ಬದ ಗದ್ದಲದಲ್ಲಿ ಒಂದು ದಿನ ಕ್ಯಾನು ಬರಲಿಲ್ಲವೆಂದು, ಎಲ್ಲ ಕೆಟ್ಟಿತೆಂದುಕೊಂಡು ಕೈಬಿಡುವ ಮನೆಯವರು ಇದನ್ನು ನೆನಪಿನಲ್ಲಿಡಬೇಕು.

ಮನೆಯ ಹಿರಿಯರ ಮಾತನ್ನೂ ಇಲ್ಲಿ ಹೇಳಬೇಕು. ಘಟಕದ ನೀರಿಗೆ ರುಚಿಯಿಲ್ಲ, ಬೇಳೆಗೆ ನಮ್ಮ ಬಾವಿಯ ನೀರೇ ಸೈ, ಇಷ್ಟು ವರ್ಷ ಕುಡಿದ ನಮಗೇನಾಗಿದೆ, ಎನ್ನುವ ಅತ್ತೆಯವರ ಎದುರು ಸೊಸೆಯು ವಾದಕ್ಕೆ ನಿಂತರೆ ಸೋಲುವುದು ಮಗುವಿನ ಹಲ್ಲು. ಅತ್ತೆಯವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ: ಅವರ ಬಾಲ್ಯದಲ್ಲಿ ಮನೆಗೆ ಬರುತ್ತಿದ್ದುದು ಕೆರೆಯ ನೀರೋ ತೆರೆದ ಬಾವಿಯ ನೀರೋ ಆಗಿದ್ದಿರಬಹುದು, ಸಾವಿರ ಅಡಿಯ ನೀರಲ್ಲ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಮದ್ಯಪಾನ ಬಿಡಿಸುವ ಕೆಲಸದಿಂದ ಒಂದು ಮಾತುಕತೆಯ ಪದ್ಧತಿಯನ್ನು ರೂಪಿಸಿದರು. ಎದುರಿನವರನ್ನು ವಾದದಲ್ಲಿ ಸೋಲಿಸದೆ, ಬದಲಾಗಲು ಅವರಿಗೇ ಇರುವ ಕಾರಣಗಳನ್ನು ಅವರ ಬಾಯಿಂದಲೇ ಹೊರಡಿಸುವುದು ಅದರ ಸಾರ. ಸೊಸೆಯು, ಅತ್ತೆ, ನೀವು ಚಿಕ್ಕವರಾಗಿದ್ದಾಗ ಯಾವ ನೀರು ಕುಡಿಯುತ್ತಿದ್ದಿರಿ, ಮೊಮ್ಮಗಳ ಹಲ್ಲು ನಿಮ್ಮ ಹಲ್ಲಿನಂತಿರಲು ಏನು ಮಾಡೋಣ, ಎಂದು ಕೇಳಿದರೆ, ಮೊಮ್ಮಗಳ ಅನ್ನದ ನೀರನ್ನು ಬೇರೆ ಇಡಲು ಅತ್ತೆಯವರೇ ಮುಂದಾಗುವ ಸಂಭವ ಹೆಚ್ಚು.

ಇಷ್ಟನ್ನು ನೋಡಿದ ಮೇಲೆ, ಬುದ್ಧಿ ಹೇಳಲು ಪದವಿ ಬೇಕೆ ಎಂಬ ಪ್ರಶ್ನೆಗೆ ಉತ್ತರ ತಾನೇ ದೊರೆಯುತ್ತದೆ. ಬುದ್ಧಿ ಹೇಳಲು ಬೇಕಿಲ್ಲ. ಹೇಳಿದ ಬುದ್ಧಿ ಏಕೆ ನಾಟಲಿಲ್ಲವೆಂದು ಅಳೆದು ತಿಳಿಯಲು ಬೇಕು. ಈ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರದ ವಿಭಾಗವನ್ನು ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯೆಂಬ ಹೆಸರಿನ ರೇಡಿಯೋ ಪ್ರಸಾರವನ್ನು ತೊಡಗಿಸಿದವರೂ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ತಂಬಾಕು ಬಿಡಬಯಸುವವರಿಗೆ ದೂರವಾಣಿಯ ಮೂಲಕ ನೆರವಾಗುವ ರಾಷ್ಟ್ರೀಯ ಸೇವೆಯ ಒಂದು ಕೇಂದ್ರವೂ ಅಲ್ಲಿದೆ. ನಾವು ಮೇಲೆ ವಿವರಿಸಿದ ವಿದ್ಯೆಯು ದಿನದಿನವೂ ಕೆಲಸ ಮಾಡುವ ಸ್ಥಳವದು.

ಓದಬಯಸುವ ಮಕ್ಕಳ ದಾರಿ ಹೀಗಿದೆ. ಪಿ.ಯು.ಸಿ. ಆದ ಮೇಲೆ ಮನಶ್ಶಾಸ್ತ್ರವನ್ನು ವಿಷಯವಾಗಿ ತೆಗೆದುಕೊಂಡು ಬಿ.ಎ. ಅಥವಾ ಬಿ.ಎಸ್ಸಿ.; ಅನಂತರ ಎರಡು ವರ್ಷದ ಎಂ.ಎಸ್ಸಿ. ಆರೋಗ್ಯ ಮನಶ್ಶಾಸ್ತ್ರವು ಸಾಮಾನ್ಯವಾಗಿ ಈ ಹಂತದಲ್ಲಿ ಒಂದು ಪತ್ರಿಕೆಯಾಗಿ ಬರುತ್ತದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣ ಇನ್ನೊಂದು ದಾರಿ. ರೋಗಿಗಳಿಗೆ ಚಿಕಿತ್ಸೆ ನೀಡುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಾಗಲು ಎಂ.ಎಸ್ಸಿ. ಒಂದೇ ಸಾಲದು, ಮನ್ನಣೆ ಪಡೆದ ಸಂಸ್ಥೆಯಲ್ಲಿ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ಮನಶ್ಶಾಸ್ತ್ರವನ್ನು ಅಂಚೆಯ ಮೂಲಕವೋ ದೂರಶಿಕ್ಷಣದಲ್ಲೋ ಕಲಿಸುವುದನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2025ರಲ್ಲಿ ಆದೇಶಿಸಿದೆಯಾದ್ದರಿಂದ, ಮನೆಯಲ್ಲಿ ಕುಳಿತೇ ಪದವಿ ಕೊಡಿಸುತ್ತೇವೆಂಬ ಜಾಹೀರಾತನ್ನು ನಂಬಿ ಹಣ ಕಟ್ಟಬಾರದು. ಮಗುವಿಗೆ ಲೆಕ್ಕದ ಭಯವಿದ್ದರೆ ಮೊದಲೇ ತಿಳಿಸಿರಿ: ಈ ವಿದ್ಯೆಯಲ್ಲಿ ಸಂಖ್ಯಾಶಾಸ್ತ್ರ ಅನಿವಾರ್ಯ. ಎಂಜಿನಿಯರುಗಳಿಗಿರುವಷ್ಟು ಹುದ್ದೆಗಳು ಇದರಲ್ಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ಆದರೆ ಕನ್ನಡವನ್ನೂ ತೆಲುಗನ್ನೂ ಮನೆಮಾತಿನಂತೆ ಆಡುವ, ಮುದ್ದೆಯ ಎಸರಿಗೆ ಎಷ್ಟು ನೀರು ಬೇಕೆಂದು ಬಲ್ಲ ನಮ್ಮ ಸೀಮೆಯ ಹುಡುಗಿಯೊಬ್ಬಳು ಈ ವಿದ್ಯೆಯನ್ನು ಕಲಿತು ಬಂದರೆ, ಅವಳು ಇಲ್ಲಿನ ಮನೆಗಳಲ್ಲಿ ಕೇಳಿ ತಿಳಿಯಬಲ್ಲುದನ್ನು ಹೊರಗಿನಿಂದ ಬಂದವರು ತಿಳಿಯಲಾರರು.

ಮಕ್ಕಳ ಓದಿನ ವಿಚಾರವನ್ನು ನಿರ್ಧರಿಸಲು ಕಾಲವಿದೆ. ನೀರಿನ ವಿಚಾರಕ್ಕೆ ಅಷ್ಟು ಕಾಲವಿಲ್ಲ. ಎಂಟು ವರ್ಷದೊಳಗಿನ ಮಗುವಿರುವ ಮನೆಯವರು ಈ ವಾರವೇ ಮೂರು ಕೆಲಸಗಳನ್ನು ಮಾಡಲಿ. ಮೊದಲನೆಯದು, ತಮ್ಮ ನೀರಿನ ಫ್ಲೋರೈಡನ್ನು ಅಳೆಯಿಸುವುದು. ಜಲ ಜೀವನ್ ಯೋಜನೆಯಂತೆ ಹಳ್ಳಿಗೆ ಐವರು ಹೆಂಗಸರಿಗೆ ಪರೀಕ್ಷೆಯ ಪೆಟ್ಟಿಗೆಯ ಬಳಕೆಯನ್ನು ಕಲಿಸಬೇಕೆಂದಿದೆ, ಪಂಚಾಯತಿಯಲ್ಲಿ ವಿಚಾರಿಸಿರಿ. ಎರಡನೆಯದು, ತಲೆಗೆ 8 ಲೀಟರಿನಂತೆ ಮನೆಯ ಲೆಕ್ಕ ಹಾಕಿ, ಕ್ಯಾನನ್ನು ಯಾರು ಯಾವ ಹೊತ್ತಿನಲ್ಲಿ ತರುವರೆಂದು ಗೊತ್ತುಮಾಡುವುದು. ಮೂರನೆಯದು, ಅಷ್ಟು ನೀರು ಬರುವವರೆಗೆ, ಬಂದಷ್ಟರಲ್ಲಿ ಮಗುವಿನ ಮತ್ತು ಬಸುರಿಯ ಪಾಲನ್ನು, ಕುಡಿಯುವುದಕ್ಕೂ ಬೇಯಿಸುವುದಕ್ಕೂ, ಮೊದಲು ತೆಗೆದಿಡುವುದು. ಮೊದಲ ತಿಂಗಳಲ್ಲಿ ಒಂದೆರಡು ದಿನ ತಪ್ಪೀತು. ಮರುದಿನ ಮತ್ತೆ ತನ್ನಿರಿ.